ಜೂನ್‌ಗೆ ಮುಂಚೆ ಬಿಟ್ಟ ಬಾಸ್ ಮೀನು

ಅಲಬಾಮಾ, ಮಾರ್ಚ್ 20

ವರ್ನಾ,

ಬಾಸ್ ಮೀನಿಗೆ ಮೇವಾಗಲೆಂದು ನಮ್ಮ ಕೊಳಕ್ಕೆ ಬಿಟ್ಟಿದ್ದ ಬ್ಲೂಗಿಲ್ ಮೀನು ಒಂದೂ ಉಳಿದಿಲ್ಲ. ಪಕ್ಕದ ಮನೆ ಕ್ಲೀಟಸ್ ಬಾಯಿಬಿಟ್ಟ: "ನಿನ್ ಮಗಳೇ ಕಣಯ್ಯಾ! ಹೋದ ತಿಂಗಳು ನೀನು ಚರ್ಚಿಗೆ ಹೋಗಿದ್ದಾಗ ಬೆಳೆದ ಬಾಸ್ ತಂದು ಸುರಿದ್ಲು."

ಬ್ಲೂಗಿಲ್ ಮೊಟ್ಟೆಯಿಟ್ಟು ಮರಿಯಾದ ಮೇಲೆ, ಜೂನ್‌ನಲ್ಲಿ ಬಾಸ್ ಬಿಡಬೇಕು. ಏಳು ವರ್ಷದವಳಿದ್ದಾಗಲೇ ಕಲಿಸಿದ್ದೆನಲ್ಲೇ! ಚೆನ್ನಾಗಿ ಬಯ್ಯೋಣ ಅಂತಲೇ ಪೆನ್ನು ಹಿಡಿದೆ. ಆಗ ನೆನಪಾಯ್ತು, ಫೆಬ್ರವರಿಯಲ್ಲಿ ಡಾಕ್ಟರು ನನ್ನನ್ನು ಪರೀಕ್ಷೆ ಮಾಡಿ, ಆಮೇಲೆ ಹೊರಗೆ ಕೂರಿಸಿ ನಿನ್ನೊಬ್ಬಳ ಹತ್ತಿರ ಮಾತಾಡಿದ್ದು. ನೀನು ಹೊರಗೆ ಬಂದು, "ಏನಿಲ್ಲ ಡ್ಯಾಡಿ, ನಿಂಗೆ ರಕ್ತ ಸ್ವಲ್ಪ ಕಮ್ಮಿಯಂತೆ" ಅಂದಿದ್ದು. ಜೂನ್ ತನಕ ನೀನು ಯಾಕೆ ಕಾಯಲಿಲ್ಲ ಅಂತ ಆಗ ಹೊಳೀತು.

ಶನಿವಾರ ಎರಡು ಗಾಳ ತಗೊಂಡು ಬಾ. ಮೇವಿಲ್ಲದೆ ಬಾಸ್ ಹಸಿದಿವೆ, ಬೇಗ ಕಚ್ಚುತ್ತವೆ. ಜೂನ್ ಮಾತು ನಾವಿಬ್ಬರೂ ಎತ್ತೋದು ಬೇಡ.

ನಿನ್ನಪ್ಪ,
ಹೋಯ್ಟ್