ಆ ಎರಡನೇ ಹೆಡ್‌ಫೋನ್ ವಾಪಸ್ ಕೊಡಿ

ತುರ್ತು ಕರೆ ಕೇಂದ್ರದ ತರಬೇತಿ ಮುಖ್ಯಸ್ಥರಾದ ಮಾನ್ಯರೇ,

ನಾಡಿದ್ದಿನ ವಿಚಾರಣೆಯಲ್ಲಿ ನನ್ನ ಸಹೋದ್ಯೋಗಿಯ ಕೆಲಸ ಹೋಗಲಿದೆ. ತಪ್ಪು ಅವಳದಲ್ಲ, ನಿಮ್ಮದು. ನಿಮ್ಮ ಕೋಣೆಯ ಬಾಗಿಲು ತಟ್ಟಿ ತಟ್ಟಿ ಕೈಸೋತು ಹೀಗೆ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹೊಸಬರು ಕರೆ ತೆಗೆದುಕೊಳ್ಳುವಾಗ ಪಕ್ಕದ ಕುರ್ಚಿಯಲ್ಲಿ ಹಳಬರೊಬ್ಬರು ಎರಡನೇ ಹೆಡ್‌ಫೋನ್ ಹಾಕಿಕೊಂಡು ಅದೇ ಕರೆ ಕೇಳುತ್ತಿದ್ದರು. ನನ್ನ ಮೊದಲ ಕರೆಯಲ್ಲಿ ಒಬ್ಬಾತ "ಅಪ್ಪ ಬಿದ್ದುಬಿಟ್ರು, ಅಪ್ಪ ಬಿದ್ದುಬಿಟ್ರು" ಎಂದು ಅರಚುತ್ತಿದ್ದ. ನಾನು ಪ್ರಶ್ನೆಗಳ ಪಟ್ಟಿ ತಡಕಾಡುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯ ಅಕ್ಕ ನನ್ನ ಮಣಿಕಟ್ಟು ಹಿಡಿದು, "ಉಸಿರಾಡ್ತಿದಾರಾ ಕೇಳು. ಅಷ್ಟು ಕೇಳು, ಮಿಕ್ಕಿದ್ದು ಆಮೇಲೆ" ಅಂದರು. ಕೇಳಿದೆ. ಆ ಅಪ್ಪ ಬದುಕಿದರು.

ಆಮೇಲೆ ತಾವು ಬಂದಿರಿ. "ಇನ್ನು ಮುಂದೆ ಸಮುದಾಯವೇ ಗುರು" ಎಂದು ಭಾಷಣ ಮಾಡಿ, ಒಂದು ಕರೆಗೆ ಇಬ್ಬರು ಕೂರುವುದು ದಂಡವೆಂದು ಆ ಹೆಡ್‌ಫೋನ್‌ಗಳನ್ನು ಕಿತ್ತುಕೊಂಡು, ನಮ್ಮ ಕೈಗೆ 'ಕಲಿಕಾ ಬಳಗ' ಎಂಬ ಆ್ಯಪ್ ಕೊಟ್ಟಿರಿ. ಅಲ್ಲಿ ಯಾರು ಬೇಕಾದರೂ ಸಲಹೆ ಹಾಕಬಹುದು, ಹೆಚ್ಚು ಲೈಕ್ ಬಿದ್ದದ್ದು ಮೇಲೆ ನಿಲ್ಲುತ್ತದೆ. ಒಬ್ಬರಿಂದೊಬ್ಬರು ಕಲಿಯಬೇಕೆಂಬ ನಿಮ್ಮ ಮಾತು ನೂರಕ್ಕೆ ನೂರು ಸತ್ಯ ಸ್ವಾಮಿ. ಆದರೆ ನಮ್ಮ ಬಳಗ ಪಕ್ಕದ ಕುರ್ಚಿಯಲ್ಲೇ ಕೂತಿತ್ತಲ್ಲ, ಅದನ್ನೇಕೆ ಎಬ್ಬಿಸಿ ಕಳಿಸಿದಿರಿ?

"ಸುಟ್ಟ ಗಾಯಕ್ಕೆ ಐಸ್ ಒತ್ತಿ" ಎಂದು ಯಾರೋ ಪುಣ್ಯಾತ್ಮರು ಬರೆದರು. ಅದಕ್ಕೆ ಮೊದಲ ಲೈಕ್ ತಮ್ಮದು. ಸಾಹೇಬರೇ ಒತ್ತಿದ ಮೇಲೆ ನಾವು ಒತ್ತದೆ ಇರುತ್ತೇವೆಯೇ? ಇಡೀ ಕೇಂದ್ರ ಒತ್ತಿತು. "ಐಸ್ ಬೇಡ, ನಲ್ಲಿ ನೀರು ಬಿಡಿ" ಎಂದು ಅಕ್ಕ ಕೆಳಗೆ ಬರೆದದ್ದನ್ನು ಒಪ್ಪಲು ಯಾರಿಗೂ ಧೈರ್ಯ ಬರಲಿಲ್ಲ. ಅದು ತಳಕ್ಕೆ ಹೋಯಿತು.

ಮಾತು ಮೆಲ್ಲಗೆ ಅಂತ ನಾವು 'ಪಿಸುಮಾತು' ಎಂದು ಚುಡಾಯಿಸುವ ಈ ಹೊಸ ಸಹೋದ್ಯೋಗಿಗೆ ಒಂದು ಕರೆ ಬಂತು. ಮಗುವಿನ ತೋಳಿನ ಮೇಲೆ ಬಿಸಿನೀರು ಚೆಲ್ಲಿತ್ತು. ಪಕ್ಕದ ಕುರ್ಚಿ ಖಾಲಿ. ಪಾಪ, ಆ್ಯಪಿನಲ್ಲಿ ಎಲ್ಲಕ್ಕಿಂತ ಮೇಲಿದ್ದುದನ್ನು ಓದಿ ಹೇಳಿದಳು. ಆ ತಾಯಿ ಐಸ್ ಒತ್ತಿ ಹಿಡಿದರು. ಗಾಯ ಇನ್ನೂ ಆಳಕ್ಕಿಳಿಯಿತು. ಮಗು ಇವತ್ತಿಗೂ ಆಸ್ಪತ್ರೆಯಲ್ಲಿದೆ.

ನಿಮ್ಮ ನೋಟಿಸು "ಸಿಬ್ಬಂದಿಯ ವೈಯಕ್ತಿಕ ನಿರ್ಲಕ್ಷ್ಯ" ಎನ್ನುತ್ತದೆ. ಆಹಾ! ಕಲಿಯುವಾಗ ಸಮುದಾಯ, ಶಿಕ್ಷೆಗೆ ಮಾತ್ರ ಒಬ್ಬಳೇ? ನಿನ್ನೆ ಅವಳ ಅತ್ತೆಯನ್ನು ವಿಚಾರಿಸಿದೆ. "ಫೋನ್ ರಿಂಗಾದ್ರೆ ಸಾಕು ಕಣಮ್ಮ, ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೋತಾಳೆ. ಊಟನೂ ಬಿಟ್ಟಿದಾಳೆ. ನಂಗೆ ಭಯ ಆಗ್ತಿದೆ" ಅಂದರು. ನನಗೂ ಭಯವಾಗುತ್ತಿದೆ. ಏನು ಮಾಡಲಿ, ಯಾರ ಕಾಲು ಹಿಡಿಯಲಿ, ತಿಳಿಯುತ್ತಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿದ್ದೇನೆ ಎಂದೇ ತಿಳಿಯಿರಿ. ನಾಡಿದ್ದು ವಿಚಾರಣೆಯಲ್ಲಿ ಎದ್ದು ನಿಂತು, "ಮೊದಲ ಲೈಕ್ ನನ್ನದು" ಎಂದು ಹೇಳಿ. ನಿಮ್ಮ ಹಿಂದೆ ನಾವೆಲ್ಲ ಎದ್ದು ನಿಲ್ಲುತ್ತೇವೆ. ಒತ್ತುವಾಗ ನಿಮ್ಮ ಹಿಂದೆ ಬಂದವರು ತಾನೇ ನಾವು! ಆಮೇಲೆ ಆ ಹೆಡ್‌ಫೋನ್ ಕೊಡಿ. ಅವಳು ಮತ್ತೆ ಕರೆ ತೆಗೆಯುವ ದಿನ ಅವಳ ಮಣಿಕಟ್ಟು ಹಿಡಿಯಲು ಪಕ್ಕದಲ್ಲಿ ನಾನಿರಬೇಕು.

ಇಂತಿ,
ನಿಮ್ಮ ನಂತರ ಲೈಕ್ ಒತ್ತಿದವರಲ್ಲೊಬ್ಬಳು,
ಸಂಜೆ ಪಾಳಿಯ ಆಪರೇಟರ್