ಸಾವ್ಕಾರರನ್ನು ಕೂರಿಸಿ ಅಳೆದ ಚಕ್ರ

೧೨ ಫೆಬ್ರುವರಿ ೧೯೭೪, ಮಂಗಳವಾರ

ಜೋಗಪ್ಪ ಗೆದ್ದ. ನನ್ನ ಕೈಕೆಳಗೆ ಸ್ಪ್ಯಾನರ್ ಹಿಡಿಯಲು ಕಲಿತವನು, ಈಗ ಕಂಟೋನ್ಮೆಂಟಿನಲ್ಲಿ ಅವನದೇ ಗ್ಯಾರೇಜು.

ಕೊಟ್ಟೂರಪ್ಪ ಸಾವ್ಕಾರರ ಹಳೆಯ ವಿಲಾಯತಿ ಕಾರು ತಿರುವಿನಲ್ಲಿ ಎಡಕ್ಕೆ ಎಳೆಯುತ್ತಿತ್ತು. ಮೂರು ತಿಂಗಳು ಒದ್ದಾಡಿದೆ. ಮುಂದಿನ ಸ್ಪ್ರಿಂಗ್ ಬದಲಿಸಿದೆ, ಹೊಸ ಬುಷ್ ಹಾಕಿದೆ, ದಾರ ಕಟ್ಟಿ ಚಕ್ರಗಳು ನೇರ ಇವೆಯೇ ಎಂದು ಅಳೆದೆ. ಪ್ರತಿ ಸಲವೂ ಸಾವ್ಕಾರರನ್ನು ಬೇವಿನ ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿ, ಚಹಾ ಕೊಟ್ಟು, ಖಾಲಿ ಕಾರನ್ನೇ ಅಳೆದೆ. ಮರ್ಯಾದೆ ಕೊಟ್ಟಿದ್ದೇ ತಪ್ಪಾಯಿತೇ?

ಕೊನೆಗೆ ಅವರು ಕಾರನ್ನು ಜೋಗಪ್ಪನ ಬಳಿ ಒಯ್ದರು. ಅವನು, "ಕಾರಿನ್ಯಾಗ ಕುಂದರ್ರಿ ಸಾವ್ಕಾರ್ರೇ, ನಿಮ್ಮ ತೂಕ ಬಿದ್ದ ಮ್ಯಾಲ ಅಳೀತೀನಿ" ಎಂದನಂತೆ. ನೂರು ಕಿಲೋ ಆಳನ್ನು ಸ್ಟೇರಿಂಗ್ ಹಿಂದೆ ಒಂದು ತಾಸು ಬಿಸಿಲಲ್ಲಿ ಕೂರಿಸಿ, ಆ ಭಾರಕ್ಕೆ ಓರೆಯಾಗುತ್ತಿದ್ದ ಚಕ್ರವನ್ನು ನೇರ ಮಾಡಿದ. ಅವರು ಕೂತರಂತೆ, ನಗುನಗುತ್ತ! ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಸಂಜೆ ಸಾವ್ಕಾರರು ನನ್ನ ಬಾಗಿಲಿಗೇ ಕಾರು ತಂದರು. "ಹತ್ತಲೇ ಮಲ್ಲಯ್ಯ, ಹೆಂಗ ಓಡ್ತೈತಿ ನೋಡುವಂತಿ."

ಸಿರುಗುಪ್ಪ ರಸ್ತೆಯ ದೊಡ್ಡ ತಿರುವು ಬಂತು. ಅವರು ವೇಗ ಇಳಿಸಲಿಲ್ಲ. ಎಳೆಯಲಿ, ಒಂದೇ ಒಂದು ಸಲ ಎಡಕ್ಕೆ ಎಳೆಯಲಿ ದೇವರೇ ಎಂದು ಬೇಡಿಕೊಂಡೆ.

ಎಡಗಡೆ ಕಾಲುವೆ ಇತ್ತು. ಎಡಗಡೆ ಸೀಟಿನಲ್ಲಿ ನಾನೇ ಕೂತಿದ್ದೆ.