ಏಪ್ರನ್ ಕಟ್ಟಿದ ಬೆದರುಬೊಂಬೆ

ಪೋರ್ಟ್ ತೌಫೀಕ್, ಸುಯೆಜ್

ತಮ್ಮ ರುಶ್ದಿಗೆ,

ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದವಳು ನಿನ್ನ ಅತ್ತಿಗೆ ಇನ್ಶಿರಾಹ್. “ಫೋನಲ್ಲಿ ನೀವು ಕೂಗಾಡ್ತೀರಿ, ಅವನು ಇಟ್ಟುಬಿಡ್ತಾನೆ. ಬರೆದ್ರೆ ಪೂರ್ತಿ ಓದ್ತಾನೆ” ಎನ್ನುತ್ತಾಳೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಇದೆಂಥ ಶಿಕ್ಷೆ! ಹಡಗಿನ ಹಗ್ಗ ಎಳೆದು ಎಳೆದು ಬೆರಳು ಮಡಚುವುದಿಲ್ಲ. ರಜೆ ಮುಗಿಸಿ ನಿನ್ನ ಹಡಗಿಗೆ ಮರಳುತ್ತಿರುವ ವಗ್ದಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಜಿನೋವಾ ಬಂದರು ಬಿಡುವ ಮೊದಲೇ ಓದು.

ಹೋದ ಭಾನುವಾರ, ಏಡನ್ ಕಡೆಯಿಂದ ಬಂದ ಹಡಗಿಗೆ ನನ್ನ ಸರದಿ ಬಂತು. ಕಾಲುವೆಯ ಮಧ್ಯೆ ಹಡಗು ನಿಲ್ಲಬೇಕಾಗಿ ಬಂದರೆ ಹಗ್ಗ ಎಳೆದು ದಡಕ್ಕೆ ಕಟ್ಟಲು ನಾವು ಬೇಕಲ್ಲ, ಎಂದಿನಂತೆ ನಮ್ಮನ್ನು ದೋಣಿ ಸಮೇತ ಕ್ರೇನಿನಲ್ಲಿ ಎತ್ತಿಕೊಂಡರು. ಹಡಗಿನ ಸುತ್ತ ಮುಳ್ಳುತಂತಿ. ಡೆಕ್ಕಿನ ಅಂಚಿನ ಕಟಕಟೆಯ ಬಳಿ ಹೆಲ್ಮೆಟ್ಟು, ಏಪ್ರನ್ ಹಾಕಿ ಒಬ್ಬ ನಿಂತಿದ್ದ. ಸಲಾಂ ಹೇಳಿದೆ. ಅವನು ತಿರುಗಲಿಲ್ಲ. ಮತ್ತೆ ಹೇಳಿದೆ. ನನ್ನ ಸಿಟ್ಟು ನಿನಗೆ ಗೊತ್ತು. “ಏನೋ, ಹಿರಿಯರು ಸಲಾಂ ಹೇಳಿದ್ರೆ ನಾಲಿಗೆ ಬಿದ್ದುಹೋಗಿದ್ಯಾ?” ಎಂದು ಭುಜ ಹಿಡಿದು ತಿರುಗಿಸಿದೆ.

ಮುಖವೇ ಇರಲಿಲ್ಲ. ಚೀಲದೊಳಗೆ ಚಿಂದಿ.

“ಬಿಡು ಹಾಜಿ, ಪಾಪ, ಅವನಿಗೆ ಅರಬ್ಬಿ ಬರಲ್ಲ!” ಎಂದು ನನ್ನ ಜೊತೆಗಾರ ಶಿನ್ನಾವಿ ಹೊಟ್ಟೆ ಹಿಡಿದುಕೊಂಡು ನಕ್ಕ. ಕಡಲ್ಗಳ್ಳರಿಗೆ ಕಾವಲುಗಾರರಂತೆ ಕಾಣಲೆಂದು ಅಂಥವನ್ನು ಸಾಲಾಗಿ ಕಟ್ಟಿದ್ದರು. ನಾನೂ ನಕ್ಕೆ.

ಆಮೇಲೆ ಚಹಾಕ್ಕೆ ಅಡುಗೆಮನೆಗೆ ಹೋದೆ. ಅಡುಗೆಯವನು ಫಿಲಿಪೈನ್ಸಿನ ಹುಡುಗ. ಕಿಟಕಿ ದಾಟುವಾಗಲೆಲ್ಲ ಮಂಡಿ ಬಾಗಿಸಿ, ತಲೆ ತಗ್ಗಿಸಿ ಓಡಾಡುತ್ತಿದ್ದ. ಹೊರಗೆ ಕಾಣುತ್ತಿದ್ದದ್ದು ಕಾಲುವೆ ದಡದ ಇಸ್ಮಾಯಿಲಿಯಾದ ಮಾವಿನ ತೋಪು ಮಾತ್ರ! ನಾನು ನೋಡುತ್ತಿರುವುದನ್ನು ಕಂಡು ಒಲೆಯ ಮೇಲಿನ ಗೋಡೆ ತೋರಿಸಿದ. ಗುಂಡಿನ ತೂತು. ಸೌಟಿನ ಹಿಡಿ ಒಳಗೆ ತೂರಿಸಿ ತೋರಿಸಿದ. ನಂತರ ಹೊರಗಿನ ಬೊಂಬೆಯ ಏಪ್ರನ್ನಿಗೆ ಬೆರಳು ಮಾಡಿ, ತನ್ನ ಎದೆ ಮುಟ್ಟಿಕೊಂಡ. ಅದು ಅವನದೇ ಏಪ್ರನ್.

ಚಹಾ ಹಾಗೇ ಇಟ್ಟು ಎದ್ದೆ.

ಈ ಸಲ ನಿನ್ನ ಹಡಗೂ ಅದೇ ಏಡನ್ ದಾರಿ ಹಿಡಿಯುತ್ತದೆ, ಹೋಗಬೇಡ ಎಂದರೆ “ಅಣ್ಣ, ಅಡುಗೆಯವನಿಗೆ ಯಾರು ಗುಂಡು ಹೊಡೀತಾರೆ? ನನ್ನ ಬೇಳೆ ಸಾರು ಕುಡಿದೋರು ಹೊಡೀಬೇಕಷ್ಟೆ” ಎಂದಿದ್ದೆಯಲ್ಲ ನೀನು. ಆ ತೂತು ಹುಡುಗನ ನೆತ್ತಿಗಿಂತ ಸ್ವಲ್ಪ ಮೇಲಿದೆ, ರುಶ್ದಿ. ನೀನು ಅವನಿಗಿಂತ ಒಂದು ಗೇಣು ಉದ್ದ.

ಅಂದಿನಿಂದ ಕಣ್ಣು ಮುಚ್ಚಿದರೆ ಕಟಕಟೆಯ ಬಳಿ ನೀನು ನಿಂತಿರುತ್ತೀಯ. ಸಲಾಂ ಹೇಳುತ್ತೇನೆ. ನೀನು ತಿರುಗುವುದಿಲ್ಲ. ಭುಜ ಮುಟ್ಟಲು ನನಗೆ ಧೈರ್ಯ ಬರುವುದಿಲ್ಲ.

ಕೆಲಸ ಬಿಟ್ಟು ಇಳಿದರೆ ಹೇಡಿ ಅಂತಾರೆ ಅಂದಿದ್ದೆ ನೀನು. ಅನ್ನಲಿ, ನನ್ನನ್ನೂ ಸೇರಿಸಿ ಅನ್ನಲಿ. ಸುಯೆಜ್‌ನಲ್ಲಿ ಇಳಿಯುತ್ತೇನೆಂದು ಕ್ಯಾಪ್ಟನ್‌ಗೆ ಈಗಲೇ ಹೇಳು, ಕಾಗದಪತ್ರ ಅವರು ನೋಡಿಕೊಳ್ಳುತ್ತಾರೆ. ಸರದಿ ಬದಲಾಯಿಸಿಕೊಂಡು ಕಾಲುವೆಯ ಆ ತುದಿ ಪೋರ್ಟ್ ಸೈದ್‌ನಲ್ಲಿ ನಿನ್ನ ಹಡಗನ್ನೇ ಹತ್ತುತ್ತೇನೆ. ಇಲ್ಲಿ ನಮ್ಮ ದೋಣಿ ಇಳಿಸುವಾಗ ಚೀಲ ಹಿಡಿದು ನನ್ನ ಪಕ್ಕ ಕೂತುಬಿಡು. ಬೈಯುವುದಿಲ್ಲ. ಅತ್ತಿಗೆ ಮೀನು ಹುರಿದಿಟ್ಟಿರುತ್ತಾಳೆ.

ಅಲ್ಲಿಯವರೆಗೆ ಕಿಟಕಿಯ ಬಳಿ ಬಗ್ಗಿ ನಡೆ. ದೇವರು ನಿನ್ನ ತಲೆ ಕಾಯಲಿ.

ನಿನ್ನ ಅಣ್ಣ,
ಅತ್ವಾ

ಹದಿನೈದನೇ ತಾರೀಖಿನೊಳಗೆ ಉತ್ತರ ಬರಬೇಕು. ಸಾರಿನ ಕಥೆ ಬೇಡ. ಇಳಿಯುತ್ತೀಯೋ ಇಲ್ಲವೋ, ಅಷ್ಟು ಹೇಳು.